ನೆಟ್ಟ ಕಂಬ, ಹೊತ್ತ ಕೋಲು

ಕಂಬವನ್ನು ನೆಡುವುದು ಮನುಷ್ಯನ ಬಹು ಹಳೆಯ ಕೆಲಸಗಳಲ್ಲೊಂದು. ಮದುವೆಯ ಮನೆಗೆ ಹಂದರಗಂಬ, ಕಣಕ್ಕೆ ಮೇಟಿ, ಮನೆಯ ಪಡಸಾಲೆಗೆ ತೊಲೆ ಹೊರುವ ಕಂಬ, ಹೀಗೆ ಪ್ರತಿಯೊಂದಕ್ಕೂ ಒಂದು ಭಾರವುಂಟು, ಒಂದು ಬಳಕೆಯುಂಟು. ಧ್ವಜಸ್ತಂಭ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅದು ಮಾಳಿಗೆಯನ್ನು ಹೊರುವುದಿಲ್ಲ, ನೆರಳು ಕೊಡುವುದಿಲ್ಲ, ಎತ್ತನ್ನು ಕಟ್ಟಲೂ ಬರುವುದಿಲ್ಲ. ಅದು ಹೊರುವುದು ಒಂದು ತುಂಡು ಬಟ್ಟೆಯನ್ನು. ಆದರೆ ಆ ಬಟ್ಟೆಗಾಗಿ ಜನ ಪ್ರಾಣ ಕೊಟ್ಟಿದ್ದಾರೆ, ಪ್ರಾಣ ತೆಗೆದೂ ಇದ್ದಾರೆ. ಆದ್ದರಿಂದ ಧ್ವಜಸ್ತಂಭದ ಆಯ್ಕೆ ಕಬ್ಬಿಣ, ಕಾಂಕ್ರೀಟು ಮತ್ತು ಖರ್ಚುವೆಚ್ಚದ ಲೆಕ್ಕದಲ್ಲಿಯೇ ಮುಗಿಯುವಂಥದ್ದಲ್ಲ.

ಸೊಲ್ಲಾಪುರ, ಅಕ್ಕಲಕೋಟೆಗಳಂತಹ ಗಡಿಭಾಗದಲ್ಲಿ ಕನ್ನಡ ಸಂಘ ಕಟ್ಟಿಕೊಂಡು ಬಾಳುವ ನಮ್ಮಂಥವರಿಗೆ ನವೆಂಬರ್ ಸಮೀಪಿಸಿದಂತೆ ಈ ವಿಚಾರ ಮನಸ್ಸಿಗೆ ಬರುವುದು ಸಹಜ. ನಮ್ಮ ಅಂಗಳದಲ್ಲಿಯೂ ಒಂದು ಧ್ವಜಸ್ತಂಭವಿರಬೇಕೆ? ಇರಬೇಕಾದರೆ ಎಷ್ಟು ಎತ್ತರದ್ದು? ಅದರ ಮೇಲೆ ಯಾವ ದಿನ ಯಾವ ಧ್ವಜ? ಹಗ್ಗ ಯಾರ ಕೈಯಲ್ಲಿ? ಇವು ಸಣ್ಣ ಪ್ರಶ್ನೆಗಳಂತೆ ಕಾಣುತ್ತವೆ. ಇವುಗಳಿಗೆ ಉತ್ತರ ಹುಡುಕುತ್ತ ಹೋದರೆ, ನಾವು ಈ ನೆಲದಲ್ಲಿ ಯಾರಾಗಿ ಬಾಳಬೇಕೆಂಬ ದೊಡ್ಡ ಪ್ರಶ್ನೆಯೇ ಎದುರು ನಿಲ್ಲುತ್ತದೆ. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಊರಿಗೇ ಧ್ವಜದ ಎರಡು ದೊಡ್ಡ ಪರಂಪರೆಗಳಿವೆ.

ಮೊದಲನೆಯದು ಸಿದ್ಧರಾಮನ ಜಾತ್ರೆಯದು. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮನ ನೆನಪಿನಲ್ಲಿ ಪ್ರತಿ ವರ್ಷ ಸಂಕ್ರಾಂತಿಯ ದಿನಗಳಲ್ಲಿ ಸೊಲ್ಲಾಪುರದ ಬೀದಿಗಳಲ್ಲಿ ಏಳು ನಂದಿಧ್ವಜಗಳು ಸಾಗುತ್ತವೆ. ಸಿದ್ಧರಾಮನು ಸ್ಥಾಪಿಸಿದನೆಂದು ನಂಬಲಾದ ಅರವತ್ತೆಂಟು ಲಿಂಗಗಳಿಗೆ ಎಣ್ಣೆಯ ಅಭಿಷೇಕವಾಗುತ್ತದೆ. ಮರಾಠಿ ಮಾತನಾಡುವವರೂ ಆ ವಿಧಿಯನ್ನು ‘ಯಣ್ಣಿಮಜ್ಜನ’ ಎಂದೇ ಕರೆಯುತ್ತಾರೆ. ನಮ್ಮ ಎಣ್ಣೆಮಜ್ಜನವೇ ಅವರ ನಾಲಗೆಯ ಮೇಲೆ ಹಾಗೆ ಉಳಿದಿದೆ. ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ. ಸಿದ್ಧರಾಮನನ್ನು ವರಿಸಬೇಕೆಂದು ಹಂಬಲಿಸಿದ ಕುಂಬಾರ ಕನ್ಯೆಗೆ ಯೋಗಿಯು ತನ್ನ ಯೋಗದಂಡದೊಡನೆ ಮದುವೆಯಾಗಲು ಅನುಮತಿಯಿತ್ತನೆಂಬ ಕಥೆಯನ್ನು ಊರು ಇಂದಿಗೂ ಮದುವೆಯಾಗಿಯೇ ಆಚರಿಸುತ್ತದೆ. ಸಾವಿರಾರು ಕೈಗಳು ಏಕಕಾಲಕ್ಕೆ ಅಕ್ಷತೆ ಎರಚುವ ಆ ಗಳಿಗೆಯಲ್ಲಿ ಮನೆಮಾತು ಯಾವುದೆಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಈ ನಂದಿಧ್ವಜಗಳ ವಿಶೇಷವೆಂದರೆ ಇವು ನೆಲದಲ್ಲಿ ನಾಟಿ ನಿಲ್ಲುವುದಿಲ್ಲ. ಮನೆಯ ಮಾಡನ್ನು ಮೀರಿ ಏರುವ ಆ ಉದ್ದನೆಯ ಕೋಲನ್ನು ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಮೈಯ ಬಲದ ಮೇಲೆ, ಅದಕ್ಕಿಂತ ಹೆಚ್ಚಾಗಿ ಸಮತೋಲದ ಮೇಲೆ ಹೊತ್ತು ನಡೆಯುತ್ತಾರೆ. ಜಾತ್ರೆಗೆ ವಾರಗಳ ಮೊದಲೇ ತಾಲೀಮು ಆರಂಭವಾಗುತ್ತದೆ. ಹೊತ್ತವನ ಸುತ್ತ ಇನ್ನಷ್ಟು ಕೈಗಳು ಸಿದ್ಧವಾಗಿರುತ್ತವೆ. ಒಬ್ಬನು ದಣಿದರೆ ಇನ್ನೊಬ್ಬನು ಮುಂದಾಗುತ್ತಾನೆ. ಮೊದಲ ಧ್ವಜದ ಮಾನ ಹಿರೇಹಬ್ಬು ಮನೆತನದ್ದಾದರೆ ಮುಂದಿನವು ಬೇರೆ ಬೇರೆ ಸಮಾಜಗಳಿಗೆ ಸೇರಿವೆ. ಸಾಲಿನ ಕೊನೆಯ ಧ್ವಜಗಳ ಮಾನ ಮಾತಂಗ ಸಮಾಜದ್ದು. ಎಲ್ಲವೂ ಒಂದೇ ಮೆರವಣಿಗೆ, ಎಲ್ಲಕ್ಕೂ ಒಂದೇ ದಾರಿ. ಅಕ್ಕಲಕೋಟೆಯ ಸುತ್ತಿನ ಹಳ್ಳಿಗಳ ಜಾತ್ರೆಗಳಿಗೂ ನಂದಿಕೋಲು ಹೊಸದಲ್ಲ. ನಂದಿಕೋಲು ಎಷ್ಟು ಹೊತ್ತು ನಿಂತಿರುತ್ತದೆ? ಜನ ಹೊರುವಷ್ಟು ಹೊತ್ತು ಮಾತ್ರ. ಕೈಬಿಟ್ಟರೆ ಅದು ಬೀಳುತ್ತದೆ. ಅದರ ನಿಲುವಿಗೆ ಊರಿನ ನಿಷ್ಠೆಯ ಹೊರತು ಬೇರೆ ಅಡಿಪಾಯವಿಲ್ಲ.

ಎರಡನೆಯ ಪರಂಪರೆ ಸ್ವಾತಂತ್ರ್ಯ ಸಂಗ್ರಾಮದ್ದು. 1930ರ ಏಪ್ರಿಲ್ 6ರಂದು, ದಾಂಡಿಯಲ್ಲಿ ಗಾಂಧೀಜಿಯವರು ಉಪ್ಪಿನ ಕಾಯಿದೆ ಮುರಿದ ದಿನವೇ, ಸೊಲ್ಲಾಪುರದ ಪುರಸಭೆಯ ಕಟ್ಟಡದ ಮೇಲೆ ರಾಷ್ಟ್ರಧ್ವಜ ಏರಿತು. ದೇಶ ಸ್ವತಂತ್ರವಾಗಲು ಇನ್ನೂ ಹದಿನೇಳು ವರ್ಷಗಳಿದ್ದವು. ಮೇ ತಿಂಗಳ ಆರಂಭದಲ್ಲಿ ಗಾಂಧೀಜಿಯವರ ಬಂಧನವಾಯಿತು. ಮೇ 8ರಂದು ಇಲ್ಲಿ ಗೋಲಿಬಾರು ನಡೆಯಿತು. ಮೇ 12ರಂದು ಮಾರ್ಷಲ್ ಲಾ ಜಾರಿಯಾಗಿ ಜೂನ್ ಕೊನೆಯವರೆಗೆ ಉಳಿಯಿತು. ಆ ದಿನಗಳಲ್ಲಿ ಧ್ವಜ ಹಿಡಿಯುವುದೇ ಅಪರಾಧವೆನಿಸಿತ್ತು. 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರನ್ನು ಗಲ್ಲಿಗೇರಿಸಲಾಯಿತು. ಹೆಸರುಗಳೇ ಹೇಳುವಂತೆ ಈ ನಾಲ್ವರು ಒಂದೇ ಮತದವರಲ್ಲ, ಒಂದೇ ಮನೆಮಾತಿನವರೂ ಅಲ್ಲ. ಸಂಕ್ರಾಂತಿಯ ಹೊಸ್ತಿಲಿನ ಆ ದಿನಗಳೇ ನಂದಿಧ್ವಜಗಳ ದಿನಗಳೂ ಆಗಿವೆ ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಈ ಎರಡು ಪರಂಪರೆಗಳನ್ನು ಜೊತೆಗಿಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ಧ್ವಜದ ಹಿರಿಮೆ ಬಂದದ್ದು ಕಂಬದ ಎತ್ತರದಿಂದಲ್ಲ, ಹೊತ್ತವರ ಬಾಳಿನಿಂದ. 1930ರಲ್ಲಿ ಪುರಸಭೆಯ ಮೇಲೆ ಹಾರಿದ ಧ್ವಜದ ಕಂಬ ಎಷ್ಟು ಅಡಿಯದೆಂದು ಇಂದು ಯಾರೂ ಕೇಳುವುದಿಲ್ಲ. ಅದಕ್ಕಾಗಿ ಯಾರು ಏನನ್ನು ತೆತ್ತರೆಂಬುದೇ ಊರಿನ ನೆನಪಿನಲ್ಲಿದೆ. ಚಾರ್ ಹುತಾತ್ಮ ಚೌಕದಲ್ಲಿ ನಿಂತಿರುವುದು ಆ ನಾಲ್ವರ ಪ್ರತಿಮೆಗಳು.

ಶರಣರ ಪರಿಭಾಷೆಯಲ್ಲಿ ಸ್ಥಾವರ, ಜಂಗಮ ಎಂಬ ಎರಡು ಪದಗಳಿವೆ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಆ ನೋಟದಿಂದ ಅಂಗಳದಲ್ಲಿ ನೆಟ್ಟ ಧ್ವಜಸ್ತಂಭ ಸ್ಥಾವರವಾದರೆ ನಂದಿಕೋಲು ಜಂಗಮ. ಹಾಗಾದರೆ ಶರಣರ ನಾಡಿನವರಾದ ನಾವು ಸ್ಥಾವರವನ್ನು ಬಿಟ್ಟುಬಿಡಬೇಕೆ? ಭಾಷೆ ಮನೆಯಲ್ಲಿ, ಮನದಲ್ಲಿ ಇದ್ದರೆ ಸಾಕು, ಕಂಬವೇಕೆ, ಬಾವುಟವೇಕೆ ಎಂದು ಕೇಳುವವರು ನಮ್ಮಲ್ಲಿಯೇ ಇದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದಕ್ಕೆ ಉತ್ತರವೂ ಸಿದ್ಧರಾಮನ ಬದುಕಿನಲ್ಲಿಯೇ ಇದೆ.

ಸಿದ್ಧರಾಮನು ಕಟ್ಟುವ ಯೋಗಿ. ಕೆರೆ ತೋಡಿಸಿದನು, ಗುಡಿ ಕಟ್ಟಿಸಿದನು, ಸೊನ್ನಲಿಗೆಯನ್ನು ಕ್ಷೇತ್ರವಾಗಿಸಿದನು. ಶೂನ್ಯಸಂಪಾದನೆ ಹೇಳುವ ಕಥೆಯಲ್ಲಿ ಅಲ್ಲಮಪ್ರಭು ಅಲ್ಲಿಗೆ ಬಂದು ಅವನನ್ನು ‘ಒಡ್ಡರಾಮ’ ಎಂದು ಮೂದಲಿಸುತ್ತಾನೆ. ಕಲ್ಲುಮಣ್ಣಿನ ಈ ಕೆಲಸದಿಂದ ನಿನಗೆ ನಿನ್ನ ಅರಿವು ದಕ್ಕಿತೇ ಎಂಬುದು ಆ ಮೂದಲಿಕೆಯ ತಿರುಳು. ಕೆರಳಿದ ಸಿದ್ಧರಾಮ ಕ್ರಮೇಣ ತಿಳಿಯಾಗಿ ಅಲ್ಲಮನೊಡನೆ ಕಲ್ಯಾಣದ ದಾರಿ ಹಿಡಿಯುತ್ತಾನೆ. ಆದರೆ ಅಲ್ಲಮನ ಪ್ರಶ್ನೆಯಿಂದ ಸೊನ್ನಲಿಗೆಯ ಕೆರೆಯ ಒಡ್ಡು ಒಡೆಯಲಿಲ್ಲ. ಕೆರೆ ಇಂದಿಗೂ ಇದೆ, ಅದರ ನಡುವೆ ಸಿದ್ಧರಾಮನ ಗುಡಿಯಿದೆ. ಬದಲಾದದ್ದು ಕಟ್ಟಿದವನ ಮನಸ್ಸು. ‘ನಾನು ಕಟ್ಟಿಸಿದೆ’ ಎಂಬುದು ಕಳೆದುಹೋದ ಮೇಲೆ ಉಳಿದದ್ದು ಯಾರು ಬೇಕಾದರೂ ನೀರು ಮುಟ್ಟಬಹುದಾದ ಒಂದು ಕೆರೆ.

ಆದ್ದರಿಂದ ಕಟ್ಟಬೇಕೆ ಬೇಡವೇ ಎಂಬುದಕ್ಕಿಂತ, ಕಟ್ಟಿದ್ದು ಯಾರಿಗೆ ಉಪಯೋಗವಾಯಿತು, ಕಟ್ಟಿದವರ ಅಹಂಕಾರ ಅದರಿಂದ ಬೆಳೆಯಿತೇ ಕರಗಿತೇ ಎಂಬುದು ಸರಿಯಾದ ಪ್ರಶ್ನೆ. ಜೈನರ ಬಸದಿಗಳ ಮುಂದಿನ ಎತ್ತರದ ಕಂಬಕ್ಕೆ ಮಾನಸ್ತಂಭವೆಂದು ಹೆಸರು. ಅದನ್ನು ಕಂಡೊಡನೆ ನೋಡುವವನ ಮಾನ, ಅಂದರೆ ಗರ್ವ, ಇಳಿಯಬೇಕೆಂಬುದು ಆ ಹೆಸರಿಗೆ ಅವರು ಹೇಳುವ ಅರ್ಥ. ಎತ್ತರದ ಕಂಬವನ್ನು ಗರ್ವ ಇಳಿಸುವುದಕ್ಕೆಂದೇ ನಿಲ್ಲಿಸಿದ ಆ ವಿವೇಕ ನಮಗೆ ಮಾದರಿಯಾಗಬೇಕು.

ಈಗ ಎತ್ತರದ ವಿಚಾರ. ಇತ್ತೀಚಿನ ವರ್ಷಗಳಲ್ಲಿ ಮುಗಿಲು ಮುಟ್ಟುವ ಧ್ವಜಸ್ತಂಭಗಳ ಸ್ಪರ್ಧೆ ನಡೆದಿದೆ. ಬೆಳಗಾವಿಯ ಕೋಟೆ ಕೆರೆಯ ದಂಡೆಯಲ್ಲಿ 2018ರಲ್ಲಿ 110 ಮೀಟರ್ ಎತ್ತರದ ಕಂಬ ನಿಂತಿತು. ಅದಕ್ಕೂ ಒಂದು ವರ್ಷ ಮೊದಲು ಪಂಜಾಬಿನ ಅಟ್ಟಾರಿ ಗಡಿಯಲ್ಲಿ 360 ಅಡಿಯ ಕಂಬ ನಿಲ್ಲಿಸಿದಾಗ, ಗಾಳಿಯ ಹೊಡೆತಕ್ಕೆ ಧ್ವಜ ಮತ್ತೆ ಮತ್ತೆ ಹರಿದು ಬದಲಿಸಬೇಕಾಯಿತು. ಎತ್ತರ ಹೆಚ್ಚಿದಂತೆ ಗಾಳಿಯ ವೇಗ ಹೆಚ್ಚುತ್ತದೆ, ಬಟ್ಟೆ ದೊಡ್ಡದಾದಂತೆ ಅದರ ಮೇಲಿನ ಎಳೆತವೂ ಹೆಚ್ಚುತ್ತದೆ. ಹರಿದ ಅಥವಾ ಮಾಸಿದ ರಾಷ್ಟ್ರಧ್ವಜವನ್ನು ಹಾರಿಸಕೂಡದೆಂದು 2002ರ ಭಾರತೀಯ ಧ್ವಜ ಸಂಹಿತೆ ಹೇಳುತ್ತದೆ. ಅಂದಮೇಲೆ ಆಗಾಗ ಧ್ವಜ ಬದಲಿಸುವ ಶಕ್ತಿಯಿಲ್ಲದವರು ಎತ್ತರದ ಕಂಬ ನೆಟ್ಟರೆ ಗೌರವ ತೋರಲು ಹೋಗಿ ಅಗೌರವಕ್ಕೆ ಗುರಿಯಾಗುತ್ತಾರೆ. ಹೊರಲಾರದ ಕೋಲನ್ನು ಎತ್ತಬಾರದೆಂಬುದು ನಂದಿಕೋಲಿನ ತಾಲೀಮಿನಲ್ಲಿ ಹುಡುಗರೂ ಕಲಿಯುವ ಪಾಠ.

ನಮ್ಮ ನೆಲಕ್ಕೂ ಅದರದೇ ಸ್ವಭಾವವಿದೆ. ಸೊಲ್ಲಾಪುರ, ಅಕ್ಕಲಕೋಟೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದೊಡನೆ ಉಬ್ಬುತ್ತದೆ. ಮೇಲುಮಣ್ಣಿನಲ್ಲಿ ಗುಂಡಿ ತೋಡಿ ಕಾಂಕ್ರೀಟು ಸುರಿದರೆ ಎರಡು ಮಳೆಗಾಲದೊಳಗೆ ಕಂಬ ವಾಲುವ ಭಯವುಂಟು. ಗಟ್ಟಿ ಮುರುಮು ಸಿಗುವವರೆಗೆ ಅಗೆಯಬೇಕು. ಕಂಬ ಅಕಸ್ಮಾತ್ ಉರುಳಿದರೂ ವಿದ್ಯುತ್ ತಂತಿಗೆ ತಗುಲದಷ್ಟು ದೂರದ ಜಾಗ ಆರಿಸಬೇಕು. ಧ್ವಜ ಏರಿಸುವ ಸಂಭ್ರಮದಲ್ಲಿ ಕಬ್ಬಿಣದ ಪೈಪು ತಂತಿಗೆ ತಾಗಿ ಜೀವ ಹೋದ ಸುದ್ದಿಗಳನ್ನು ನಾವು ಓದಿದ್ದೇವೆ. ಹಗ್ಗ ಮತ್ತು ರಾಟೆಯನ್ನು ನೆಲದಿಂದಲೇ ಸರಿಪಡಿಸಲು ಬರುವಂತೆ, ಬುಡದಲ್ಲಿ ಬೋಲ್ಟು ಬಿಚ್ಚಿ ಮಲಗಿಸಬಹುದಾದ ಸಾಧಾರಣ ಎತ್ತರದ ಕಂಬವೇ ಸಂಘಕ್ಕೆ ಮೇಲು. ಯಾರನ್ನೂ ಅಪಾಯಕ್ಕೆ ಒಡ್ಡದೆ ಸಂಘದವರೇ ನೋಡಿಕೊಳ್ಳಬಹುದಾದದ್ದು ನಮ್ಮ ಅಳತೆ. ಇದು ಕೈಕೆಲಸದ ಲೆಕ್ಕದಂತೆ ಕಂಡರೂ ಇದರಲ್ಲಿ ನೀತಿಯಿದೆ. ನಾಳೆ ಅದನ್ನು ನೋಡಿಕೊಳ್ಳುವವರ ಮೇಲೆ ನಮ್ಮ ಇಂದಿನ ಉತ್ಸಾಹದ ಭಾರ ಹೊರಿಸುವ ಹಕ್ಕು ನಮಗಿಲ್ಲ.

ಇನ್ನು ಹೆಚ್ಚು ಸೂಕ್ಷ್ಮವಾದ ಪ್ರಶ್ನೆ, ಧ್ವಜ ಯಾವುದು ಎಂಬುದು. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಹಳದಿ–ಕೆಂಪು ಬಾವುಟ ಕನ್ನಡಿಗರ ಮನಸ್ಸಿನಲ್ಲಿ ನೆಲೆಯಾಗಿದೆ. ಸರ್ಕಾರದ ಮುದ್ರೆಯಿಂದ ಬಂದ ಮನ್ನಣೆ ಅದಲ್ಲ. 2018ರಲ್ಲಿ ಕರ್ನಾಟಕ ಸರ್ಕಾರವು ನಡುವೆ ಬಿಳಿ ಪಟ್ಟಿ ಮತ್ತು ಗಂಡಭೇರುಂಡವಿರುವ ಬೇರೊಂದು ವಿನ್ಯಾಸವನ್ನು ಕೇಂದ್ರದ ಒಪ್ಪಿಗೆಗೆ ಕಳುಹಿಸಿದ ಮೇಲೂ ಜನರ ಕೈಯಲ್ಲಿ ಉಳಿದದ್ದು ಹಳೆಯ ಬಾವುಟವೇ. ಜನ ಹೊತ್ತದ್ದು ಉಳಿಯುತ್ತದೆ ಎಂಬುದಕ್ಕೆ ಇದೂ ಒಂದು ನಿದರ್ಶನ. ಆ ಎರಡು ಬಣ್ಣಗಳು ಅರಿಶಿನ–ಕುಂಕುಮದವು. ಸಂಕ್ರಾಂತಿಯಲ್ಲಿ ನಮ್ಮ ಮರಾಠಿ ನೆರೆಯ ಮನೆಗಳಲ್ಲಿ ಹಳದಿ–ಕುಂಕೂ ಎಂದು ಕರೆದು ನಮ್ಮ ಹೆಣ್ಣುಮಕ್ಕಳ ಹಣೆಗೆ ಇಡುವುದೂ ಅವನ್ನೇ.

ಆದರೂ ಗಡಿಯಲ್ಲಿ ಬಣ್ಣಗಳಿಗೆ ಬೇರೆ ಅರ್ಥಗಳು ಅಂಟಿಕೊಳ್ಳುತ್ತವೆ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆಯನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಸಲಹೆ ಮಾಡಿತು. ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲಿಲ್ಲ. ಅಂದಿನಿಂದ ಇಂದಿನವರೆಗೆ ಇಲ್ಲಿ ಕನ್ನಡ ಬಾವುಟ ಏರಿದರೆ ಅದರಲ್ಲಿ ಭಾಷೆಯ ಪ್ರೀತಿಯನ್ನು ಕಾಣುವವರಿರುವಂತೆ ನೆಲದ ಹಕ್ಕನ್ನು ಕಾಣುವವರೂ ಇದ್ದಾರೆ. 2020ರ ಡಿಸೆಂಬರಿನಲ್ಲಿ ಬೆಳಗಾವಿಯ ಮಹಾನಗರ ಪಾಲಿಕೆಯ ಮುಂದೆ ಕನ್ನಡ ಧ್ವಜಸ್ತಂಭ ನೆಟ್ಟಾಗ ಅಲ್ಲಿಯ ಮರಾಠಿ ಸಂಘಟನೆಗಳು ಪ್ರತಿಭಟಿಸಿದವು. ಅಲ್ಲಿ ನಾವು ಬಹುಸಂಖ್ಯಾತ ರಾಜ್ಯದವರು, ಇಲ್ಲಿ ಅಲ್ಪಸಂಖ್ಯಾತರು. ಇಲ್ಲಿ ನಮಗೆ ಯಾವ ಗೌರವ ಬೇಕೆಂದು ಬಯಸುತ್ತೇವೆಯೋ ಆ ಗೌರವ ಅಲ್ಲಿ ಅವರಿಗೂ ಸಲ್ಲಬೇಕೆಂದು ಒಪ್ಪಿಕೊಂಡಾಗ ಮಾತ್ರ ನಮ್ಮ ಮಾತಿಗೆ ನ್ಯಾಯದ ತೂಕ ಬರುತ್ತದೆ. ಗಡಿಯ ಎರಡೂ ಕಡೆ ಬಂಧುಬಳಗವುಳ್ಳ ನಾವು ಈ ಮಾತನ್ನು ಹೇಳದಿದ್ದರೆ ಮತ್ತಾರು ಹೇಳಬೇಕು?

ಹಾಗೆಂದು ಅಂಜಿ ಗುರುತನ್ನು ಮರೆಮಾಡಿಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಅಲ್ಪಸಂಖ್ಯಾತರಿಗೆ ಕಣ್ಣಿಗೆ ಕಾಣುವ ಗುರುತು ಬೇಕು. ಮರಾಠಿ ಫಲಕಗಳ ನಡುವೆ ಬೆಳೆಯುವ ಮಗು, ತನ್ನ ಅಜ್ಜಿಯ ಮಾತಿಗೂ ಬೀದಿಯಲ್ಲಿ ಒಂದು ಜಾಗವಿದೆ ಎಂದು ತಿಳಿಯಬೇಕಾದರೆ ವರ್ಷಕ್ಕೊಮ್ಮೆಯಾದರೂ ತಲೆಯೆತ್ತಿ ನೋಡಲು ಏನಾದರೊಂದು ಇರಬೇಕು. ಸೊಲ್ಲಾಪುರದ ಮಗಳು ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಕಲಿತು, ಕನ್ನಡವನ್ನು ಹಟದಿಂದ ಒಲಿಸಿಕೊಂಡು, ಸಿದ್ಧರಾಮನನ್ನೇ ಕುರಿತು ಪುರಾಣಕಾವ್ಯ ಬರೆದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, ಆ ಪೀಠವನ್ನೇರಿದ ಮೊದಲ ಮಹಿಳೆಯಾದರು. ಕನ್ನಡದ ಏಕೀಕರಣಕ್ಕೆ ಹಂಬಲಿಸಿದ ಅವರು ಮರಾಠಿಯಲ್ಲಿಯೂ ಬರೆದರು. ಒಂದು ಭಾಷೆಯನ್ನು ಎತ್ತಿ ಹಿಡಿಯಲು ಇನ್ನೊಂದನ್ನು ಕೆಳಗಿಳಿಸಬೇಕಾಗಿಲ್ಲ ಎಂಬುದನ್ನು ಅವರು ಬಾಳಿ ತೋರಿಸಿದರು.

ಈ ವಿಚಾರಗಳ ಬೆಳಕಿನಲ್ಲಿ ನಮಗೆ ತೋಚುವ ದಾರಿ ಹೀಗಿದೆ. ಅಂಗಳದಲ್ಲಿ ಒಂದೇ ಕಂಬವಿರಲಿ. ರಾಷ್ಟ್ರಧ್ವಜದೊಡನೆ ಅದೇ ಕಂಬದಲ್ಲಿ ಬೇರೆ ಧ್ವಜ ಹಾರಿಸಕೂಡದು, ಅದಕ್ಕಿಂತ ಎತ್ತರದಲ್ಲಿ ಯಾವ ಧ್ವಜವೂ ಇರಕೂಡದು ಎಂಬ ಸಂಹಿತೆಯ ನಿಯಮ ಒಂದು ಕಂಬವಿದ್ದಲ್ಲಿ ತಾನಾಗಿಯೇ ಪಾಲನೆಯಾಗುತ್ತದೆ. ಜನವರಿ 26 ಮತ್ತು ಆಗಸ್ಟ್ 15ರಂದು ಆ ಕಂಬದ ಮೇಲೆ ರಾಷ್ಟ್ರಧ್ವಜ. ಮೇ 1ರಂದು, ಮಹಾರಾಷ್ಟ್ರ ದಿನದಂದು, ಮತ್ತೆ ರಾಷ್ಟ್ರಧ್ವಜ, ಏಕೆಂದರೆ ಅನ್ನ ಕೊಟ್ಟ ರಾಜ್ಯದ ಹಬ್ಬ ನಮ್ಮ ಹಬ್ಬವೂ ಹೌದು. ನವೆಂಬರ್ 1ರಂದು ಅರಿಶಿನ–ಕುಂಕುಮದ ಬಾವುಟ. ನಾಲ್ಕು ದಿನಗಳಿಗೂ ನೆರೆಯ ಮರಾಠಿ, ತೆಲುಗು, ಉರ್ದು ಮನೆಗಳಿಗೆ ಕರೆ ಹೋಗಲಿ. ರಾಷ್ಟ್ರಧ್ವಜಕ್ಕೆ ಸಾಧ್ಯವಾದರೆ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘದ ಧ್ವಜವನ್ನೇ ತರಿಸೋಣ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ನೇಕಾರರ ಕೈಯಿಂದ ಬಂದ ಬಟ್ಟೆ ಅದು. ನೇಕಾರರ ಊರಾದ ಸೊಲ್ಲಾಪುರಕ್ಕೆ ಆ ನೂಲಿನ ಬೆಲೆ ಗೊತ್ತು.

ಹಗ್ಗ ಎಳೆಯುವ ಕೈ ಪ್ರತಿ ಸಲವೂ ಗಣ್ಯರದೇ ಆಗಬೇಕಾಗಿಲ್ಲ. ನಂದಿಧ್ವಜಗಳ ಮಾನ ಸಮಾಜಗಳಿಗೆ ಹಂಚಿಹೋಗಿರುವಂತೆ ಇದೂ ಹಂಚಿಹೋಗಲಿ. ಒಂದು ವರ್ಷ ಕನ್ನಡ ಶಾಲೆಯ ಗುರುಗಳು, ಮರುವರ್ಷ ಮಗ್ಗದ ಕೆಲಸದವರು, ಇನ್ನೊಮ್ಮೆ ಬೀಡಿ ಕಟ್ಟುವ ತಾಯಿ. ಧ್ವಜವನ್ನು ಚುರುಕಾಗಿ ಏರಿಸಬೇಕು, ನಿಧಾನವಾಗಿ, ಗೌರವದಿಂದ ಇಳಿಸಬೇಕು ಎಂದು ಸಂಹಿತೆ ಹೇಳುತ್ತದೆ. ನಮ್ಮ ರೂಢಿ ಇದಕ್ಕೆ ತೀರ ವಿರುದ್ಧ. ಭಾಷಣಗಳ ನಡುವೆ ಏರಿಸಲು ಗಂಟೆ ಹಿಡಿಯುತ್ತದೆ, ಇಳಿಸುವ ಹೊತ್ತಿಗೆ ಅಂಗಳದಲ್ಲಿ ಯಾರೂ ಇರುವುದಿಲ್ಲ. 2022ರ ತಿದ್ದುಪಡಿಯ ಪ್ರಕಾರ ಈಗ ರಾತ್ರಿಯೂ ಹಾರಿಸಬಹುದು. ಆದರೂ ಸಂಜೆ ನಾಲ್ಕು ಜನ ಸೇರಿ ಇಳಿಸಿ, ಮಡಿಸಿ, ಒಳಗಿಡುವ ಕೆಲಸವನ್ನು ನಾವು ಬಿಡಬಾರದು. ಏರಿಸುವಾಗ ಚಪ್ಪಾಳೆ ಇರುತ್ತದೆ. ಚಪ್ಪಾಳೆಯಿಲ್ಲದ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದರಿಂದ ಸಂಘದ ಆಯುಷ್ಯ ತಿಳಿಯುತ್ತದೆ.

ಈ ಲೆಕ್ಕದಲ್ಲಿ ವರ್ಷದ ನಾಲ್ಕು ದಿನ ಕಂಬದ ಮೇಲೆ ಬಟ್ಟೆ ಇರುತ್ತದೆ. ಉಳಿದ 361 ದಿನ ಅದು ಬರಿಯ ಕಂಬ. ಅದನ್ನು ಕೊರತೆಯೆಂದು ನಾವು ಎಣಿಸಬೇಕಾಗಿಲ್ಲ. ಧ್ವಜವಿರುವ ದಿನ ಜನ ಮೇಲೆ ನೋಡುತ್ತಾರೆ. ಇಲ್ಲದ ದಿನ ಕಂಬದ ಹಿಂದಿನ ಬಾಗಿಲು ಕಣ್ಣಿಗೆ ಬೀಳುತ್ತದೆ. ಆ ಬಾಗಿಲು ತೆರೆದಿದೆಯೇ? ಒಳಗೆ ಮಕ್ಕಳು ಕನ್ನಡದ ಕಾಗುಣಿತ ಬರೆಯುತ್ತಿದ್ದಾರೆಯೇ? ವಾಚನಾಲಯದಲ್ಲಿ ಇಂದಿನ ಪತ್ರಿಕೆ ಇದೆಯೇ? ಮರಾಠಿ ಮನೆಯಿಂದ ಬಂದ ಸೊಸೆಯೊಬ್ಬಳು ಕನ್ನಡ ಕಲಿಯಬೇಕೆಂದರೆ ಕಲಿಸುವವರಿದ್ದಾರೆಯೇ? ಈ ಪ್ರಶ್ನೆಗಳಿಗೆ ಹೌದೆನ್ನಬಲ್ಲ ಸಂಘಕ್ಕೆ ಇಪ್ಪತ್ತು ಅಡಿಯ ಕಂಬ ಸಾಕು. ಹೌದೆನ್ನಲಾರದ ಸಂಘಕ್ಕೆ ಎಷ್ಟು ಎತ್ತರದ್ದಾದರೂ ಸಾಲದು.

ನೆಡುವುದು ಒಂದು ದಿನದ ಕೆಲಸ, ಹೊರುವುದು ನಿತ್ಯದ ಕೆಲಸ. ಈ ಸಮ್ಮೇಳನದಿಂದ ಮನೆಗೆ ಮರಳುವ ನಾವೆಲ್ಲರೂ ಮುರುಮು ಸಿಗುವವರೆಗೆ ಅಗೆಯಲು ಸಿದ್ಧರಿದ್ದೇವೆಯೇ, ಸಂಜೆಯ ಹೊತ್ತು ಧ್ವಜ ಇಳಿಸಲು ಉಳಿಯುತ್ತೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಹೌದೆಂಬ ಉತ್ತರ ಬಂದ ದಿನ ಗುಂಡಿ ತೋಡುವ ಕೆಲಸಕ್ಕೆ ಕೈಹಾಕಲು ಅಡ್ಡಿಯಿಲ್ಲ.